ಯಾವ ಅಣಬೆ ತಿಂದಿದ್ದು?

ಕ್ಯಾಶುಯಲ್ಟಿಯಲ್ಲಿದ್ದ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವ ಅಣಬೆ ತಿಂದಿದ್ದು?" ಎರಡನೆಯದು, "ತಿಂದು ಎಷ್ಟು ಹೊತ್ತಾಯ್ತು?"

ರಾತ್ರಿ ಒಂದೂವರೆ ಆಗಿತ್ತು. ನನ್ನ ರೂಮ್‌ಮೇಟ್ ಸ್ಟ್ರೆಚರ್ ಮೇಲೆ ಮಲಗಿ, ಸೀಲಿಂಗ್ ಫ್ಯಾನಿನ ಜೊತೆ ಏನೋ ಮಾತಾಡುತ್ತಿದ್ದಳು. ನಡುನಡುವೆ ಕೈಕಾಲು ಚಿಟಕ್ಕನೆ ಎಗರುತ್ತಿದ್ದವು. ಹಾಸ್ಟೆಲ್ ವಾರ್ಡನ್ ಮೇಡಂ ನೈಟಿ ಮೇಲೆ ಶಾಲು ಹೊದ್ದುಕೊಂಡೇ ಕಾರು ಓಡಿಸಿಕೊಂಡು ಬಂದಿದ್ದರು. ನಾನು ಬ್ಯಾಗಿನಿಂದ ಟಿಶ್ಯೂ ಪೇಪರಿನ ಪೊಟ್ಟಣ ತೆಗೆದು ಡಾಕ್ಟರ್ ಮುಂದೆ ಬಿಚ್ಚಿದೆ. ಒಳಗೆ ಅರ್ಧ ಬಾಡಿದ ಒಂದು ಅಣಬೆ. ಕೆಂಪು ಟೊಪ್ಪಿಗೆ, ಅದರ ಮೇಲೆ ಬಿಳಿ ಚುಕ್ಕೆ. ವಾಟ್ಸ್ಆ್ಯಪ್‌ನಲ್ಲಿ ನಾವೆಲ್ಲ ಕಳಿಸುತ್ತೇವಲ್ಲ, ಆ ಅಣಬೆಯ ಇಮೋಜಿ, ಅದೇ. ಮಾರಿಯೊ ಗೇಮಿನಲ್ಲಿ ನುಂಗಿದರೆ ಹುಡುಗ ದೊಡ್ಡವನಾಗುವ ಅಣಬೆಯೂ ಇದರ ನೆಂಟನೇ.

ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಇದೆ. ಬರೆದದ್ದನ್ನು ಮೊದಲು ಓದಿದವಳೂ ಅವಳೇ. "ಫ್ಯಾನಿನ ವಿಷಯ ಬೇಕಿತ್ತಾ?" ಎಂದು ಕೇಳಿದಳು, ಆಮೇಲೆ "ಇರಲಿ ಬಿಡು" ಎಂದಳು.

ಸೆಪ್ಟೆಂಬರ್ ಕೊನೆಯಲ್ಲಿ ನಾವು ಏಳು ಜನ ಹುಡುಗಿಯರು ಮೈಸೂರಿನಿಂದ ಊಟಿಗೆ ಹೋಗಿದ್ದೆವು. ಬಂಡೀಪುರ ದಾಟಿ, ಗೂಡಲೂರು ಮೇಲೆ ಘಾಟಿ ಹತ್ತಿ, ಊಟಿ ಇನ್ನೇನು ಬಂತು ಎನ್ನುವಾಗ ದಾರಿಯ ಪಕ್ಕದಲ್ಲೇ ಪೈನ್ ಮರಗಳ ಕಾಡು ಸಿಗುತ್ತದೆ. ಸಿನಿಮಾ ಹಾಡುಗಳ ಕೃಪೆಯಿಂದ ಎಲ್ಲರಿಗೂ ಗೊತ್ತಿರುವ ಜಾಗ. ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಇವಳು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಉದುರಿದ ಸೂಜಿಯಂಥ ಎಲೆಗಳ ನಡುವೆ ಮೂರು ಕೆಂಪು ಅಣಬೆ. ಎಷ್ಟು ಚೆನ್ನಾಗಿದ್ದವೆಂದರೆ ಯಾರೋ ಬಣ್ಣ ಬಳಿದು ನೆಟ್ಟಿದ್ದಾರೆ ಅನ್ನಿಸುವಷ್ಟು. ರಸ್ತೆಬದಿಯಲ್ಲಿ ಟೀ ಮಾರುತ್ತಿದ್ದ ಅಮ್ಮ ದೂರದಿಂದಲೇ ಕೈಯಾಡಿಸಿ, "ಮುಟ್ಟಬೇಡಮ್ಮಾ, ಅದು ತಿನ್ನೋದಲ್ಲ" ಎಂದರು. ಇವಳು ಎರಡನ್ನು ಕಿತ್ತು ಟಿಶ್ಯೂವಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ರೂಮಿನಲ್ಲಿ ಇಟ್ಟುಕೊಳ್ಳೋಕೆ, ಚೆಂದಕ್ಕೆ, ಅಂದುಕೊಂಡೆ ನಾನು.

ಚೆಂದಕ್ಕಲ್ಲ, ನಿದ್ದೆಗೆ. ಎರಡು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಪಕ್ಕದ ಮಂಚದಲ್ಲಿ ಮೊಬೈಲಿನ ನೀಲಿ ಬೆಳಕು ಕಾಣುತ್ತಿತ್ತು. ಆ ಬೆಳಕಿನಲ್ಲೇ ಅವಳಿಗೆ ಯಾವುದೋ ರೀಲ್ ಸಿಕ್ಕಿದೆ. ಸೈಬೀರಿಯಾದ ಜನ ಸಾವಿರಾರು ವರ್ಷಗಳಿಂದ ಬಳಸುವ ಔಷಧ, ಒಣಗಿಸಿ ತಿಂದರೆ ಮಗುವಿನ ಹಾಗೆ ನಿದ್ದೆ, ಸೈಡ್ ಎಫೆಕ್ಟ್ ಇಲ್ಲ, ಎಲ್ಲ ನೈಸರ್ಗಿಕ. ಒಂದಾದ ಮೇಲೊಂದು ರೀಲ್. ಊಟಿಯಿಂದ ಬಂದ ಮೂರನೇ ರಾತ್ರಿ, ಹನ್ನೊಂದರ ಸುಮಾರಿಗೆ, ನಾನು ಮಲಗಿದ ಮೇಲೆ ತಿಂದಿದ್ದಾಳೆ. ಎಷ್ಟು ಎಂದು ಅವಳಿಗೇ ನೆನಪಿಲ್ಲ.

ಹನ್ನೆರಡೂವರೆಗೆ ವಾಂತಿಯ ಸದ್ದಿಗೆ ಎದ್ದೆ. ಬಾತ್‌ರೂಮಿನ ಬಕೆಟ್ ಬಾವಿಯಷ್ಟು ದೊಡ್ಡದಾಗಿದೆ, ಬಗ್ಗಿದರೆ ಬೀಳುತ್ತೇನೆ ಎಂದು ಹೇಳಿ ಅಳುತ್ತಿದ್ದಳು. ಐದು ನಿಮಿಷ ನಗು, ಐದು ನಿಮಿಷ ಸಿಟ್ಟು, ಆಮೇಲೆ ಕೂತಲ್ಲೇ ತೂಕಡಿಕೆ. ಎಬ್ಬಿಸಿದರೆ ಮತ್ತೆ ಮೊದಲಿನಿಂದ.

ಕ್ಯಾಶುಯಲ್ಟಿಯಲ್ಲಿ ನಾನು ದೊಡ್ಡ ಜಾಣೆಯ ಹಾಗೆ ಬಾಯಿ ಹಾಕಿದೆ. ಬಿ.ಫಾರ್ಮ್ ಓದುವವಳಲ್ಲವೇ! ಅಣಬೆಯ ಹೆಸರು ಅಮನೀಟಾ ಮಸ್ಕೇರಿಯಾ ಎಂದು ಕಾರಿನಲ್ಲಿ ಬರುವಾಗಲೇ ಮೊಬೈಲಿನಲ್ಲಿ ನೋಡಿಕೊಂಡಿದ್ದೆ. ನಮ್ಮ ಫಾರ್ಮಕಾಲಜಿ ಪುಸ್ತಕದಲ್ಲಿ ನರಮಂಡಲದ ಪಾಠ ಶುರುವಾಗುವುದೇ ಮಸ್ಕರಿನಿಕ್ ರಿಸೆಪ್ಟರ್‌ನಿಂದ. ಆ ಹೆಸರು ಮಸ್ಕರೀನ್ ಎಂಬ ವಿಷದಿಂದ ಬಂದದ್ದು, ಆ ವಿಷ ಸಿಕ್ಕಿದ್ದು ಇದೇ ಅಣಬೆಯಲ್ಲಿ, ಅದಕ್ಕೆ ಮದ್ದು ಅಟ್ರೋಪಿನ್. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದು ಬರೆದು ಬಾಯಿಪಾಠವಾಗಿತ್ತು. "ಸರ್, ಮಸ್ಕರೀನ್ ಪಾಯ್ಸನಿಂಗ್. ಅಟ್ರೋಪಿನ್ ಕೊಡಬೇಕಲ್ವಾ?" ಎಂದೆ.

ಡಾಕ್ಟರ್ ಬೈಯಲಿಲ್ಲ. ಟಾರ್ಚ್ ಹಿಡಿದು ಅವಳ ಕಣ್ಣು ತೋರಿಸಿದರು. "ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿದೆಯಾ? ಇಲ್ಲ. ಬಾಯಲ್ಲಿ ಜೊಲ್ಲು ಸುರೀತಿದೆಯಾ? ಇಲ್ಲ, ಒಣಗಿದೆ. ನಾಡಿ ನಿಧಾನ ಆಗಿದೆಯಾ? ಅದೂ ಇಲ್ಲ. ನೀವು ಹೇಳೋ ವಿಷ ಇದಲ್ಲಮ್ಮ. ಈಗ ಅಟ್ರೋಪಿನ್ ಕೊಟ್ಟರೆ ಇವರ ತಲೆ ಇನ್ನಷ್ಟು ಕೆಡುತ್ತೆ."

ನಾನು ಸುಮ್ಮನಾದೆ. ಆಮೇಲೆ ಓದಿ ತಿಳಿದುಕೊಂಡೆ. 1869ರಲ್ಲಿ ಮಸ್ಕರೀನ್ ಅನ್ನು ಮೊದಲು ಬೇರ್ಪಡಿಸಿದ್ದು ಈ ಅಣಬೆಯಿಂದಲೇ ನಿಜ. ಆದರೆ ಹಸಿ ಅಣಬೆಯ ತೂಕದಲ್ಲಿ ಅದು ಇರುವುದು ಶೇ 0.0003ರಷ್ಟು ಮಾತ್ರ. ಬೇರೆ ಕೆಲವು ಜಾತಿಯ ಸಣ್ಣ ಕಂದು ಅಣಬೆಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಕೆಂಪು ಅಣಬೆಯ ನಿಜವಾದ ವಿಷಗಳು ಪತ್ತೆಯಾಗಿದ್ದು ಸುಮಾರು ನೂರು ವರ್ಷ ತಡವಾಗಿ, 1960ರ ದಶಕದಲ್ಲಿ: ಐಬೊಟೆನಿಕ್ ಆಮ್ಲ ಮತ್ತು ಮಸ್ಸಿಮೋಲ್. ಮೊದಲನೆಯದು ಮೆದುಳನ್ನು ಕೆರಳಿಸುತ್ತದೆ, ಎರಡನೆಯದು ಮಂಕುಗೊಳಿಸುತ್ತದೆ. ಅಣಬೆ ಒಣಗಿದಂತೆ ಮೊದಲನೆಯದು ಎರಡನೆಯದಾಗಿ ಬದಲಾಗುತ್ತಾ ಹೋಗುತ್ತದೆ. ಆದರೆ ಎಷ್ಟು ಬದಲಾಗಿದೆ, ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಒಂದೇ ಮರದ ಕೆಳಗಿನ ಎರಡು ಅಣಬೆಗಳಲ್ಲೂ ಪ್ರಮಾಣ ಒಂದೇ ಇರಬೇಕೆಂದಿಲ್ಲ. ನನ್ನ ಗೆಳತಿ ಐದು ನಿಮಿಷ ಕೂಗಾಡಿ, ಐದು ನಿಮಿಷ ತೂಕಡಿಸಿದ್ದರ ಒಳಗುಟ್ಟು ಇದು.

ಡಾಕ್ಟರ್ ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. "ಒಂದೂವರೆ ಗಂಟೆಗೇ ವಾಂತಿ ಬಂದಿದ್ದು ಒಳ್ಳೇದಾಯ್ತು. ನಾಳೆ ಬೆಳಿಗ್ಗೆ ಬಂದಿದ್ದರೆ ನಾನು ಜಾಸ್ತಿ ಹೆದರುತ್ತಿದ್ದೆ."

ವಿಷ ಬೇಗ ಕೆಲಸ ಮಾಡಿದ್ದು ಒಳ್ಳೆಯದು ಎಂದರೆ ಏನರ್ಥ? ಇದೇ ಅಮನೀಟಾ ಕುಲದಲ್ಲಿ ಅಮನೀಟಾ ಫ್ಯಾಲಾಯ್ಡಿಸ್ ಎಂಬ ಇನ್ನೊಂದಿದೆ. ಇಂಗ್ಲಿಷಿನಲ್ಲಿ ಡೆತ್ ಕ್ಯಾಪ್, ಸಾವಿನ ಟೊಪ್ಪಿಗೆ. ಅದಕ್ಕೆ ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ. ಹಸಿರು ಮಿಶ್ರಿತ ಹಳದಿ, ಸಾಧು ಮುಖ. ತಿಂದವರಿಗೆ ಆರೇಳು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆಗೂ ಹೆಚ್ಚು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಂತರ ಒಂದು ದಿನ ವಾಸಿಯಾದಂತೆಯೇ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಒಳಗೆ ಲಿವರ್ ಸಾಯುತ್ತಿರುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ತೀರಿಕೊಂಡ ಸುದ್ದಿ ಬಂದಿತ್ತು. ಬಹುಪಾಲು ಟೀ ತೋಟದ ಕೂಲಿ ಕುಟುಂಬಗಳವರು. ಗೆಳತಿ ಬೇರೆ ಯಾವುದನ್ನೂ ತಿಂದಿರಲಿಲ್ಲ ಎಂದು ಖಾತ್ರಿಯಿಲ್ಲದ ಕಾರಣ ಅವಳ ಲಿವರ್ ಪರೀಕ್ಷೆಯನ್ನೂ ಮಾಡಿದರು. ನಾರ್ಮಲ್ ಬಂತು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಕಲ್ಲಿನಂತೆ ನಿದ್ದೆ ಹೊಡೆದು ಎದ್ದಳು. ಎದ್ದವಳೇ ಕೇಳಿದ್ದು, "ಮನೆಗೆ ಹೇಳಿದ್ರಾ?"

ಹೇಳಿದ್ದೆವು. ಅವಳ ಅಪ್ಪ ಸಂಜೆಗೆ ಬಂದರು. ಬ್ಯಾಕ್ ವಿಷಯವೂ ಹೊರಬಂತು. ಅವರು ಬೈಯುತ್ತಾರೆ ಎಂದು ಅವಳು ಎರಡು ತಿಂಗಳು ನಿದ್ದೆಗೆಟ್ಟಿದ್ದಳು. ಅವರು ಮಂಚದ ಪಕ್ಕ ಕೂತು ಕಿತ್ತಳೆ ಸುಲಿದುಕೊಟ್ಟರು, ಅಷ್ಟೇ.

ಆ ವಾರವೆಲ್ಲ ನಾನು ಇದರ ಬಗ್ಗೆಯೇ ಓದಿದೆ. ರೀಲ್‌ಗಳು ಹೇಳಿದ್ದೆಲ್ಲ ಸುಳ್ಳು ಎಂದು ಸಾಬೀತು ಮಾಡುವ ಹಟವಿತ್ತು. ಆದರೆ ಓದುತ್ತಾ ಹೋದಂತೆ ಗೊತ್ತಾಯಿತು, ರೀಲ್‌ಗಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಅದೇ ತೊಂದರೆ.

ಈ ಅಣಬೆಯ ಬಹಳ ಹಳೆಯ, ಸಾಧಾರಣ ಬಳಕೆ ನೊಣ ಹಿಡಿಯುವುದು. 13ನೇ ಶತಮಾನದಲ್ಲೇ ಜರ್ಮನಿಯ ಪಾದ್ರಿ ಆಲ್ಬರ್ಟಸ್ ಮ್ಯಾಗ್ನಸ್ ಇದನ್ನು ಪುಡಿ ಮಾಡಿ ಹಾಲಿಗೆ ಹಾಕಿದರೆ ನೊಣ ಸಾಯುತ್ತವೆ ಎಂದು ಬರೆದಿಟ್ಟಿದ್ದಾರೆ. 1753ರಲ್ಲಿ ಲಿನೇಯಸ್ ಇದಕ್ಕೆ ಕೊಟ್ಟ ಹೆಸರಿನಲ್ಲೂ ಲ್ಯಾಟಿನ್ನಿನ 'ಮಸ್ಕಾ', ಅಂದರೆ ನೊಣ ಕೂತಿದೆ. ರಷ್ಯನ್ನರು ಇದನ್ನು 'ಮುಖಮೋರ್' ಎನ್ನುತ್ತಾರೆ, ಅಂದರೆ ನೊಣಮಾರಿ. ಯುರೋಪಿನ ಹಳ್ಳಿ ಮನೆಗಳಲ್ಲಿ ಕಿಟಕಿಯ ಮೇಲೆ ಒಂದು ತಟ್ಟೆ ಹಾಲು, ಅದರೊಳಗೆ ಮುರಿದ ಅಣಬೆ. ನಮ್ಮ ಮಸ್ಕರಿನಿಕ್ ರಿಸೆಪ್ಟರ್‌ನ ಹೆಸರಿನಲ್ಲಿ ನೊಣವೊಂದು ಗುಂಯ್‌ಗುಡುತ್ತಿದೆ ಎಂದು ನಮಗೆ ಯಾವ ಲೆಕ್ಚರರೂ ಹೇಳಿರಲಿಲ್ಲ!

ಜರ್ಮನಿಯಲ್ಲಿ ಇದೇ ಅಣಬೆ ಅದೃಷ್ಟದ ಗುರುತು. ಹೊಸ ವರ್ಷದ ಗ್ರೀಟಿಂಗ್ ಕಾರ್ಡುಗಳ ಮೇಲೆ ಇರುತ್ತದೆ. ಲಾಟರಿ ಹೊಡೆದವನನ್ನು ಅವರು 'ಅದೃಷ್ಟದ ಅಣಬೆ' ಎಂದೇ ಕರೆಯುತ್ತಾರೆ. ನಾವು ಕನ್ನಡದಲ್ಲಿ 'ನಾಯಿಕೊಡೆಗಳ ಹಾಗೆ ಎದ್ದಿವೆ' ಎಂದು ಟ್ಯೂಷನ್ ಸೆಂಟರುಗಳನ್ನು ಬೈಯುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಸಾಂತಾಕ್ಲಾಸನ ಕೆಂಪು-ಬಿಳಿ ಬಟ್ಟೆಯೂ ಇದರಿಂದಲೇ ಬಂತು ಎಂದು ಹೇಳುವ ರೀಲ್‌ಗಳಿವೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಮುಂದೆ ಹೋಗೋಣ.

ಸೈಬೀರಿಯಾದ ಕಥೆ ನಿಜ. ರಷ್ಯಾದ ಪೂರ್ವದ ತುದಿಯಲ್ಲಿ ಕಮ್‌ಚಾಟ್ಕಾ ಎಂಬ ಪರ್ಯಾಯ ದ್ವೀಪವಿದೆ. ಅಲ್ಲಿ ಕೊರ್ಯಾಕ್, ಚುಕ್ಚಿ, ಇಟೆಲ್ಮೆನ್ ಜನ. ಹಿಮಸಾರಂಗ ಸಾಕುವವರು, ಮೀನು ಹಿಡಿಯುವವರು. 1709ರ ಪೊಲ್ಟಾವ ಯುದ್ಧದಲ್ಲಿ ರಷ್ಯನ್ನರಿಗೆ ಸೆರೆಸಿಕ್ಕ ಸ್ಟ್ರಾಲೆನ್‌ಬರ್ಗ್ ಎಂಬ ಸ್ವೀಡನ್ನಿನ ಅಧಿಕಾರಿ ಹತ್ತಕ್ಕೂ ಹೆಚ್ಚು ವರ್ಷ ಸೈಬೀರಿಯಾದಲ್ಲಿ ಕಳೆದ. 1730ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕೊರ್ಯಾಕರ ಅಣಬೆಯ ಬಗ್ಗೆ ಇದೆ. ಉಳ್ಳವರು ಚಳಿಗಾಲಕ್ಕೆಂದು ಅಣಬೆ ಕೂಡಿಡುತ್ತಿದ್ದರು, ಹಬ್ಬದ ದಿನ ಅದರ ನೀರು ಕಾಯಿಸಿ ಕುಡಿಯುತ್ತಿದ್ದರು. ಕೊಳ್ಳಲಾಗದ ಬಡವರು ಗುಡಿಸಲಿನ ಹೊರಗೆ ಮರದ ಬಟ್ಟಲು ಹಿಡಿದು ಕಾಯುತ್ತಿದ್ದರು. ಒಳಗಿನವರು ಮೂತ್ರಕ್ಕೆ ಹೊರಬಂದಾಗ ಅದನ್ನು ಹಿಡಿದು ಕುಡಿಯುವುದಕ್ಕೆ. ಮೂಗು ಮುರಿಯಬೇಡಿ, ನಾನೂ ಮುರಿದಿದ್ದೆ. ಆದರೆ ಮಸ್ಸಿಮೋಲ್ ಹೆಚ್ಚುಪಾಲು ಹಾಗೇ ಮೂತ್ರದಲ್ಲಿ ಹೊರಹೋಗುತ್ತದೆ. ನಮ್ಮ ಸಿಲೆಬಸ್ಸಿನಲ್ಲಿ ಎಕ್ಸ್‌ಕ್ರೀಷನ್ ಎಂಬ ಒಂದು ಇಡೀ ಅಧ್ಯಾಯವಿದೆ. ಯಾವ ಲ್ಯಾಬೂ ಇಲ್ಲದೆ ಆ ಜನ ಅದನ್ನು ತಿಳಿದುಕೊಂಡಿದ್ದರು. ಬಡವರ ಪಾಲಿಗೆ ಏನು ಬರುತ್ತದೆ ಎನ್ನುವುದು ಮಾತ್ರ ಎಲ್ಲ ಊರಿನಲ್ಲೂ ಒಂದೇ.

ಅವರ ಪುರಾಣದಲ್ಲಿ ಒಂದು ಕಥೆಯಿದೆ. 20ನೇ ಶತಮಾನದ ಆರಂಭದಲ್ಲಿ ಜೋಖೆಲ್ಸನ್ ಎಂಬ ರಷ್ಯದ ಮಾನವಶಾಸ್ತ್ರಜ್ಞ ಬರೆದುಕೊಂಡದ್ದು. ಕೊರ್ಯಾಕರ ಮೂಲಪುರುಷ ದೊಡ್ಡಕಾಗೆ ಒಂದು ತಿಮಿಂಗಿಲವನ್ನು ಹಿಡಿದಿತ್ತು. ಅದನ್ನು ಮರಳಿ ಕಡಲಿಗೆ ಕಳಿಸಬೇಕು, ಜೊತೆಗೆ ಬುತ್ತಿಯ ಚೀಲವನ್ನೂ ಕೊಡಬೇಕು. ಆದರೆ ಚೀಲ ಎತ್ತಲಾಗುತ್ತಿಲ್ಲ. ದೇವರನ್ನು ಕರೆಯಿತು. ದೇವರು ನೆಲಕ್ಕೆ ಉಗುಳಿದ. ಉಗುಳು ಬಿದ್ದಲ್ಲಿ ಬಿಳಿ ಕಾಲು, ಚುಕ್ಕೆ ಟೊಪ್ಪಿಗೆಯ ಅಣಬೆ ಎದ್ದವು. ಕಾಗೆ ತಿಂದಿತು, ಕುಣಿಯಿತು, ಚೀಲವನ್ನು ಹೂವಿನಂತೆ ಎತ್ತಿತು. ಅಣಬೆ ಭೂಮಿಯ ಮೇಲೇ ಇರಲಿ, ನನ್ನ ಮಕ್ಕಳು ಅದು ತೋರಿಸುವುದನ್ನು ನೋಡಲಿ ಎಂದಿತಂತೆ. ಮನೆಗೆ ಬಂದ ಅತಿಥಿಗೆ ಬುತ್ತಿ ಕಟ್ಟಿಕೊಟ್ಟು ಕಳಿಸಲು ಕಾಗೆ ಪಟ್ಟ ಪಾಡು ನನಗೆ ಬಹಳ ಇಷ್ಟವಾಯಿತು. ಮಲೆನಾಡಿನ ಕಾಗೆಯೂ ಹಾಗೇ ಮಾಡುತ್ತಿತ್ತೇನೋ.

ಆದರೆ ಆ ಜನರ ಬಗ್ಗೆ ಬರೆದವರು ಬರೀ ಕುಣಿತವನ್ನಷ್ಟೇ ಬರೆದಿಲ್ಲ. 1755ರಲ್ಲಿ ಬಂದ ಕ್ರಾಶೆನಿನ್ನಿಕೋವ್ ಅವರ ಕಮ್‌ಚಾಟ್ಕಾ ಪುಸ್ತಕದಲ್ಲಿ ಅಣಬೆಯ ಅಮಲಿನಲ್ಲಿ ತಮ್ಮ ಜೀವಕ್ಕೇ ಅಪಾಯ ತಂದುಕೊಂಡವರ ಪ್ರಸಂಗಗಳೂ ಇವೆ. ಹತ್ತಾರು ತಲೆಮಾರು ಬಳಸಿದವರಿಗೂ ಅದು ಪಳಗಿದ ಪ್ರಾಣಿಯಾಗಿರಲಿಲ್ಲ. ಈ ಭಾಗವನ್ನು ರೀಲ್ ಮಾಡಿದವರು ಕತ್ತರಿಸಿದ್ದಾರೆ.

ಜಪಾನಿನ ನಗಾನೊ ಪ್ರಾಂತ್ಯದ ಕೆಲವು ಹಳ್ಳಿಗಳಲ್ಲಿ ಇದನ್ನು ಕುದಿಸಿ, ನೀರು ಚೆಲ್ಲಿ, ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ತಿನ್ನುವ ರೂಢಿಯಿದೆ. ಆ ವಿಷಗಳು ನೀರಿನಲ್ಲಿ ಕರಗುವಂಥವು. ಇದು ರೆಸಿಪಿಯಲ್ಲ, ದಯವಿಟ್ಟು. ಅದೇ ಕುಲದ ಡೆತ್ ಕ್ಯಾಪನ್ನು ಎಷ್ಟು ಕುದಿಸಿದರೂ ಅದು ಕೊಲ್ಲುತ್ತದೆ. ಜೋರು ಮಳೆಗೆ ಕೆಂಪು ಅಣಬೆಯ ಬಿಳಿ ಚುಕ್ಕೆಗಳು ತೊಳೆದುಹೋಗುತ್ತವೆ, ಬಣ್ಣ ಕಿತ್ತಳೆಗೆ ತಿರುಗುತ್ತದೆ. ಆಗ ಗುರುತು ಹಿಡಿಯುವುದು ಅನುಭವಿಗಳಿಗೂ ಕಷ್ಟ. 1897ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಇಟಲಿಯ ಶ್ರೀಮಂತನೊಬ್ಬ ಇದನ್ನು ತಿನ್ನುವ ಅಣಬೆಯೆಂದೇ ತಿಂದು ಸತ್ತ. ಅಣಬೆ ಚೆನ್ನಾಗಿ ಗೊತ್ತಿದೆ ಎಂದುಕೊಂಡವನು.

ನಮ್ಮ ದೇಶದ ನಂಟೂ ಒಂದಿದೆ, ಅದೂ ವೇದದ ಮೂಲಕ. ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿಗೆ ಅಣಬೆಯ ಹುಚ್ಚು. ಋಗ್ವೇದದ ಸೋಮ ಎಂದರೆ ಇದೇ ಕೆಂಪು ಅಣಬೆ ಎಂದು 1968ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಸೋಮದ ವರ್ಣನೆಯಲ್ಲಿ ಬೇರು, ಎಲೆ, ಹೂವಿನ ಮಾತೇ ಇಲ್ಲ, ಅದು ಬೆಟ್ಟದ ಮೇಲಿನದು, ಕೆಂಪು-ಹೊಂಬಣ್ಣದ್ದು ಎನ್ನುವುದು ಅವನ ವಾದ. ಸಂಸ್ಕೃತ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಜಾನ್ ಬ್ರೌ 1971ರಲ್ಲಿ ಅದನ್ನು ಎಳೆ ಎಳೆಯಾಗಿ ಬಿಡಿಸಿ ವಿರೋಧಿಸಿದರು. ಸೋಮ ಎಂದರೆ ಎಫೆಡ್ರಾ ಗಿಡ ಎನ್ನುವವರ ಪಕ್ಷವೂ ಬಲವಾಗಿದೆ. ನನಗೆ ವಾಸನ್‌ನ ವಾದಕ್ಕಿಂತ ಅವನ ಇನ್ನೊಂದು ಕೆಲಸ ಹೆಚ್ಚು ಕಾಡಿತು. 1955ರಲ್ಲಿ ಅವನು ಮೆಕ್ಸಿಕೊದ ಬೆಟ್ಟದ ಹಳ್ಳಿಯೊಂದಕ್ಕೆ ಹೋಗಿ ಮರಿಯಾ ಸಬೀನಾ ಎಂಬ ನಾಟಿ ವೈದ್ಯೆಯ ಜೊತೆ ರಾತ್ರಿಯಿಡೀ ಕೂತು ಬೇರೆ ಜಾತಿಯ ಅಣಬೆ ತಿಂದ. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದ. ಹೆಸರು ಬದಲಿಸಿದ್ದರೂ ಜನ ಅವಳನ್ನು ಹುಡುಕಿಕೊಂಡು ಹೋದರು. ರೋಗಿಗಳಿಗಾಗಿ ಮಾಡುತ್ತಿದ್ದ ವಿಧಿ ಅಮಲಿನ ಪ್ರವಾಸವಾಯಿತು. ಊರಿನವರು ಅವಳ ಮೇಲೆ ತಿರುಗಿಬಿದ್ದರು, ಅವಳ ಮನೆ ಸುಟ್ಟುಹೋಯಿತು. ಲೈಫ್ ಪತ್ರಿಕೆಯ ಜಾಗದಲ್ಲಿ ಈಗ ರೀಲ್ ಇದೆ, ಅಷ್ಟೇ.

ನಿದ್ದೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಗೆಳತಿ ಹುಡುಕಿದ್ದು ಅದನ್ನು. ಮಸ್ಸಿಮೋಲ್ ಮೆದುಳಿನ ಗಾಬಾ ರಿಸೆಪ್ಟರ್‌ಗಳ ಮೇಲೆ ಕೆಲಸ ಮಾಡುತ್ತದೆ. ನಿದ್ದೆ ಮಾತ್ರೆಗಳಲ್ಲಿ ಬಹಳಷ್ಟು ಕೆಲಸ ಮಾಡುವುದೂ ಅಲ್ಲೇ. ಹಾಗಾಗಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞರು ಮಸ್ಸಿಮೋಲ್‌ನ ರಚನೆಯನ್ನು ಮಾರ್ಪಡಿಸಿ ಗ್ಯಾಬಾಕ್ಸಡಾಲ್ ಎಂಬ ಔಷಧ ತಯಾರಿಸಿದರು. ನಿದ್ರಾಹೀನತೆಗೆ ಅದನ್ನು ಮನುಷ್ಯರ ಮೇಲೆ ಕೊನೆಯ ಹಂತದವರೆಗೂ ಪರೀಕ್ಷಿಸಿ, 2007ರಲ್ಲಿ ಕೈಬಿಟ್ಟರು. ಅಂದರೆ ಈ ಅಣಬೆಯಲ್ಲಿ ನಿದ್ದೆಯ ಬೀಜ ಇದೆಯೇ ಎಂದು ಹುಡುಕಿದವರು ಇದ್ದಾರೆ. ಮಿಲಿಗ್ರಾಂ ಲೆಕ್ಕದಲ್ಲಿ, ಡಾಕ್ಟರುಗಳ ಕಣ್ಣಮುಂದೆ, ವರ್ಷಗಟ್ಟಲೆ ನೋಡಿ, ಬೇಡ ಎಂದು ಬಿಟ್ಟಿದ್ದಾರೆ. ಅಮೆರಿಕದಲ್ಲಿ ಈ ಅಣಬೆಯ ಅಂಶ ಹಾಕಿದ ಚಾಕೊಲೇಟು, ಗಮ್ಮಿಗಳು ಅಂಗಡಿಯಲ್ಲೇ ಬಂದಿದ್ದವು. ಆಹಾರದಲ್ಲಿ ಇದಕ್ಕೆ ಅನುಮತಿ ಇಲ್ಲ ಎಂದು ಅಲ್ಲಿನ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು.

ದಸರಾ ರಜೆಗೆ ಊರಿಗೆ, ತೀರ್ಥಹಳ್ಳಿ ಕಡೆಗೆ ಹೋದಾಗ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ನಮ್ಮ ಮನೆಯ ಅಣಬೆ ತಜ್ಞೆ. ಮಳೆಗಾಲದ ಮೊದಲ ಗುಡುಗು ಹೊಡೆದು ನಾಲ್ಕು ದಿನಕ್ಕೆ ಕತ್ತಿ ಹಿಡಿದು ಗುಡ್ಡಕ್ಕೆ ಹೊರಡುತ್ತಾಳೆ. ತರುವುದು ಹುತ್ತದ ಅಣಬೆಯೊಂದೇ. ನಾವು ಚಿಕ್ಕವರಿದ್ದಾಗ ಸಾರು ಕುದಿಯುವಾಗ ಎರಡು ಎಸಳು ಬೆಳ್ಳುಳ್ಳಿ ಹಾಕಿ, ಬಣ್ಣ ತಿರುಗಿದರೆ ವಿಷ ಎನ್ನುತ್ತಿದ್ದಳು. ಬೆಳ್ಳಿ ಉಂಗುರ ಹಾಕುವುದೂ ಇದೇ ನಂಬಿಕೆಗೆ. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವುದು ಇನ್ನೊಂದು. ಇವು ಯಾವುವೂ ವಿಷವನ್ನು ಪತ್ತೆಹಚ್ಚುವುದಿಲ್ಲ. ಡೆತ್ ಕ್ಯಾಪಿನ ಸಾರಿನಲ್ಲಿ ಬೆಳ್ಳಿ ಬೆಳ್ಳಗೇ ಇರುತ್ತದೆ. ಅಜ್ಜಿಗೆ ಇದನ್ನು ಹೇಗೆ ಹೇಳುವುದು ಎಂದು ಹಿಂಜರಿಯುತ್ತಲೇ ಹೇಳಿದೆ.

"ಅಜ್ಜಿ, ನಿನ್ನ ಬೆಳ್ಳುಳ್ಳಿ ಪರೀಕ್ಷೆ ಸುಳ್ಳಂತೆ."

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಇರಬಹುದು ಮಾರಾಯ್ತಿ. ಆದ್ರೆ ನಾನು ಬೆಳ್ಳುಳ್ಳಿ ನೋಡ್ಕಂಡು ಅಣಬೆ ತರ್ತೀನೇನೆ? ಜಾಗ ನೋಡ್ಕಂಡು ತರೋದು. ನಮ್ಮತ್ತೆ ತೋರ್ಸಿದ್ದು ಮೂರು ಹುತ್ತ. ಐವತ್ತು ವರ್ಷದಿಂದ ಅದೇ ಮೂರು. ನಾಲ್ಕನೇದ್ರ ತಾವ ಹೋಗಿದ್ದೇ ಇಲ್ಲ."

"ಮತ್ತೆ ಬೆಳ್ಳುಳ್ಳಿ?"

"ರುಚಿಗೆ" ಎಂದಳು. ಆಮೇಲೆ ನಗುತ್ತಾ, "ನಿಮ್ಮ ಅಜ್ಜನಿಗೆ ಧೈರ್ಯ ಬರ್ಲಿ ಅಂತ."

ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ, ಅಜ್ಜಿಯ ವಿದ್ಯೆ ಆ ಪರೀಕ್ಷೆಯಲ್ಲಿದೆ ಎಂದು. ಇದ್ದದ್ದು ಮೂರು ಹುತ್ತಗಳಲ್ಲಿ, ಮತ್ತು ನಾಲ್ಕನೆಯದಕ್ಕೆ ಹೋಗದೇ ಇರುವುದರಲ್ಲಿ. ಬೆಳ್ಳುಳ್ಳಿ ಮಾತ್ರ ಕೇಳಿಸಿಕೊಂಡು ಪೇಟೆಗೆ ಹೋದವಳು ನಾನೇ. ಕೊರ್ಯಾಕರ ಅಣಬೆಯೂ ಹಾಗೆಯೇ ಇರಬೇಕು. ಯಾವ ಬರ್ಚ್ ಮರದ ಕೆಳಗಿನದು, ಯಾರು ಕಿತ್ತದ್ದು, ಎಷ್ಟು ಒಣಗಿದ್ದು, ಕುಡಿದವನ ಪಕ್ಕ ಯಾರು ಕೂತಿರಬೇಕು ಎನ್ನುವುದೆಲ್ಲ ಅಲ್ಲೇ ಉಳಿದು, ಇಲ್ಲಿಗೆ ಬಂದದ್ದು ಚುಕ್ಕೆ ಟೊಪ್ಪಿಗೆಯ ಚಿತ್ರ ಮಾತ್ರ. ನೀಲಗಿರಿಯ ಪೈನ್ ಮರಗಳೇ ನೆಡುತೋಪಿನವು, ಹೊರದೇಶದಿಂದ ತಂದವು. ಈ ಅಣಬೆ ಬದುಕುವುದು ಅಂಥ ಮರಗಳ ಬೇರಿನ ಜೊತೆ ಹೆಣೆದುಕೊಂಡು. ಅಲ್ಲಿ ಇದನ್ನು ಅತ್ತೆ ಸೊಸೆಗೆ ತೋರಿಸಿಕೊಟ್ಟ ಇತಿಹಾಸವಿಲ್ಲ. ಇದ್ದದ್ದು ಟೀ ಅಮ್ಮನ ಒಂದೇ ಮಾತು, ಮುಟ್ಟಬೇಡ ಎಂದು. ಅದನ್ನಾದರೂ ಕೇಳಬಹುದಿತ್ತು.

ರಜೆ ಮುಗಿಸಿ ಹಾಸ್ಟೆಲ್ಲಿಗೆ ಬಂದಾಗ ಗೆಳತಿಯೂ ಬಂದಿದ್ದಳು. ಕಾಲೇಜಿನ ಕೌನ್ಸೆಲರ್ ಬಳಿಗೆ ವಾರಕ್ಕೊಮ್ಮೆ ಹೋಗುತ್ತಿದ್ದಾಳೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಉಳಿದಿದ್ದ ಎರಡನೇ ಅಣಬೆಯನ್ನು ನಾನು ಫಾರ್ಮಕಾಗ್ನಸಿ ಸರ್ ಹತ್ತಿರ ಕೊಟ್ಟಿದ್ದೆ. ಅವರು ಗುರುತು ಖಚಿತ ಮಾಡಿ, ಇನ್ನು ಹೂತುಬಿಡಿ ಎಂದರು. ಅದಕ್ಕೆ ಮೊದಲು ಒಂದೇ ಒಂದು ಪ್ರಯೋಗ ಮಾಡೋಣ ಸರ್ ಎಂದು ಕೇಳಿದವಳು ಅವಳು.

ಲ್ಯಾಬಿನ ಹಿಂದಿನ ವರಾಂಡದಲ್ಲಿ, ಕ್ಯಾಂಟೀನಿನ ನೊಣಗಳಿಗೆ ಬರವಿಲ್ಲದ ಜಾಗದಲ್ಲಿ, ಒಂದು ಹಳೆಯ ತಟ್ಟೆಗೆ ಹಾಲು ಸುರಿದು ಅಣಬೆ ಮುರಿದು ಹಾಕಿದೆವು. ನಾಯಿ ಬೆಕ್ಕು ಮುಟ್ಟದಂತೆ ಎತ್ತರದ ಕಿಟಕಿಯ ಮೇಲಿಟ್ಟೆವು. ನಾಯಿಗಳಿಗೂ ಇದು ವಿಷ. ಸಂಜೆಗೆ ಹದಿನಾಲ್ಕು ನೊಣ ಹಾಲಿನಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದವು. ಅವಳು ಒಂದೊಂದನ್ನೇ ಐಸ್‌ಕ್ರೀಮ್ ಕಡ್ಡಿಯಿಂದ ಎತ್ತಿ ಫಿಲ್ಟರ್ ಪೇಪರಿನ ಮೇಲೆ ಸಾಲಾಗಿ ಇಟ್ಟಳು. "ಸತ್ತಿವೆಯಾ ಸರ್?" ಎಂದು ಕೇಳಿದಳು. ಸರ್ "ನಾಳೆ ನೋಡು" ಎಂದರು.

ಮರುದಿನ ಬೆಳಿಗ್ಗೆ ಕ್ಲಾಸಿಗೆ ಮೊದಲೇ ನನ್ನನ್ನು ಎಳೆದುಕೊಂಡು ಹೋದಳು. ಪೇಪರಿನ ಮೇಲೆ ಒಂಬತ್ತು ಇದ್ದವು. ಅವಳು ಎರಡು ಸಲ ಎಣಿಸಿದಳು. ನಾವು ನೋಡುತ್ತಿದ್ದಂತೆಯೇ ತುದಿಯಲ್ಲಿದ್ದ ಒಂದು ಹಿಂಗಾಲು ಉಜ್ಜಿಕೊಂಡು, ಓಲಾಡುತ್ತಾ ಎದ್ದು, ರೆಕ್ಕೆ ಒಣಗಿಸಿಕೊಳ್ಳಲು ಶುರುಮಾಡಿತು. ಹಾರಿಹೋಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಮೊದಲ ಪೀರಿಯಡ್‌ಗೆ ಇಬ್ಬರೂ ಲೇಟ್.